ಲೈಕ್ ಬರುತ್ತೆ, ಕಾಮೆಂಟ್ ಯಾಕೆ ಬರಲ್ಲ?

ಓದುಗರ ಪ್ರಶ್ನೆ: ಹಳೆ ಬಟ್ಟೆಯಿಂದ ಚೀಲ, ದಿಂಬಿನ ಕವರ್ ಹೊಲಿದು ಇನ್‌ಸ್ಟಾಗ್ರಾಮ್‌ನಲ್ಲಿ ಫೋಟೋ ಹಾಕುತ್ತೇನೆ. ಲೈಕ್ ಬರುತ್ತೆ. ಕಾಮೆಂಟ್ ಅಂತ ನೋಡಿದ್ರೆ ಒಂದೆರಡು ಹಾರ್ಟ್ ಇಮೋಜಿ, ಅಷ್ಟೇ. ಪ್ರತಿ ಕ್ಯಾಪ್ಶನ್ ಕೊನೆಗೂ ‘ನಿಮ್ಮ ಅಭಿಪ್ರಾಯ ತಿಳಿಸಿ’ ಅಂತ ಬರೆಯುತ್ತೇನೆ. ಇನ್ನೇನು ಬರೆಯಬೇಕು?

ಮೊದಲು ಆ ಕೊನೆಯ ಸಾಲನ್ನೇ ತೆಗೆದುಬಿಡಿ. ನೀವು ಸೌಜನ್ಯದಿಂದಲೇ ಕೇಳುತ್ತಿದ್ದೀರಿ, ನಿಜ. ಆದರೆ ಓದುವವರಿಗೆ ಅದು ದೊಡ್ಡ ಕೆಲಸ. ಅಭಿಪ್ರಾಯ ಹೇಳಬೇಕು ಅಂದರೆ ಮೊದಲು ಒಂದು ಅಭಿಪ್ರಾಯ ಇರಬೇಕು. ಆಮೇಲೆ ಅದಕ್ಕೆ ಮಾತು ಹುಡುಕಬೇಕು. ನಾಲ್ಕು ಜನರ ಎದುರು ಹೇಳಿದರೆ ಚೆನ್ನಾಗಿರುತ್ತಾ ಅಂತ ಯೋಚಿಸಬೇಕು. ಫೋನ್ ಹಿಡಿದು ಎರಡು ನಿಮಿಷ ಬಿಡುವು ಮಾಡಿಕೊಂಡವರು ಇಷ್ಟೆಲ್ಲ ಮಾಡುವುದಿಲ್ಲ. ಲೈಕ್ ಒತ್ತಿ ಮುಂದೆ ಹೋಗುತ್ತಾರೆ. ಅವರಿಗೆ ನಿಮ್ಮ ಕೆಲಸ ಇಷ್ಟವಾಗಿಲ್ಲ ಅಂತಲ್ಲ, ಹೇಳಲು ಏನೂ ಹೊಳೆಯಲಿಲ್ಲ.

ಕಾಮೆಂಟ್ ತರುವ ಪ್ರಶ್ನೆ ಚಿಕ್ಕದಾಗಿರುತ್ತದೆ. ಅದರ ಉತ್ತರ ಓದುಗರ ಬದುಕಿನಲ್ಲಿ ಆಗಲೇ ಇರುತ್ತದೆ. ಹುಡುಕಬೇಕಾಗಿಲ್ಲ, ನೆನಪಾದರೆ ಸಾಕು. ನನ್ನ ಮಟ್ಟಿಗೆ ಒಳ್ಳೆಯ ಕ್ಯಾಪ್ಶನ್ನಿನ ಗುಟ್ಟು ಮುಕ್ಕಾಲು ಪಾಲು ಇಷ್ಟೇ.

ನಿಮ್ಮ ಚೀಲವನ್ನೇ ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಇಂಥ ಫೋಟೋ ಕೆಳಗೆ ಹೀಗೆ ಬರೆದಿರುತ್ತಾರೆ:

“ಹಳೆಯ ಅಂಗಿಗೆ ಹೊಸ ರೂಪ! ಮರುಬಳಕೆ ಮಾಡೋಣ, ಪರಿಸರ ಉಳಿಸೋಣ. ನಿಮ್ಮ ಅಭಿಪ್ರಾಯ ತಿಳಿಸಿ.”

ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಿಡಿದುಕೊಳ್ಳಲು ಒಂದು ಕೊಂಡಿಯೂ ಇಲ್ಲ. ಅಂಗಿ ಚೀಲವಾಗಿದೆ ಅನ್ನುವುದು ಫೋಟೋದಲ್ಲೇ ಕಾಣುತ್ತದೆ. ಪರಿಸರ ಉಳಿಸೋಣ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಎಲ್ಲರೂ ಒಪ್ಪುವ ಮಾತಿಗೆ ತಲೆಯಾಡಿಸಬಹುದು, ಅಷ್ಟೇ. ಆ ತಲೆಯಾಡಿಸುವಿಕೆಯೇ ಲೈಕ್. ಈಗ ಅದೇ ಚೀಲಕ್ಕೆ ಇನ್ನೊಂದು ಕ್ಯಾಪ್ಶನ್:

“ಅಂಗಿಯ ಜೇಬನ್ನು ಬಿಚ್ಚಲು ಮನಸ್ಸು ಬರಲಿಲ್ಲ. ಹಾಗೇ ಬಿಟ್ಟೆ. ಈಗ ಚೀಲಕ್ಕೂ ಒಂದು ಜೇಬು, ಅದರಲ್ಲಿ ಹಳೆ ಪೆನ್ನಿನ ಇಂಕ್ ಕಲೆ ಸಮೇತ. ಹರಿದರೂ ಎಸೆಯಲು ಮನಸ್ಸು ಬಾರದ ಬಟ್ಟೆ ನಿಮ್ಮ ಬೀರುವಿನಲ್ಲಿ ಯಾವುದಿದೆ?”

ಜೇಬು, ಇಂಕ್ ಕಲೆ. ಇವೆರಡೂ ಫೋಟೋದಲ್ಲಿ ಇರಬಹುದು, ಆದರೆ ನೀವು ಹೇಳದೆ ಯಾರೂ ಗಮನಿಸುವುದಿಲ್ಲ. ಹೇಳಿದ ಮೇಲೆ ಓದುವವರು ಫೋಟೋವನ್ನು ಇನ್ನೊಮ್ಮೆ ನೋಡುತ್ತಾರೆ. ಫೋಟೋ ತೋರಿಸದ್ದನ್ನು ಕ್ಯಾಪ್ಶನ್ ಹೇಳಬೇಕು ಅನ್ನುವುದು ಇದಕ್ಕೇ. ಇನ್ನು ಕೊನೆಯ ಪ್ರಶ್ನೆ. ಓದಿದ ತಕ್ಷಣ ಒಬ್ಬರಿಗೆ ಅಮ್ಮನ ಸೀರೆ ನೆನಪಾಗುತ್ತದೆ, ಇನ್ನೊಬ್ಬರಿಗೆ ಕಾಲೇಜಿನ ಟೀ ಶರ್ಟ್. ಉತ್ತರ ಎರಡೇ ಪದದಲ್ಲಿ ಮುಗಿಯುತ್ತದೆ. ಬರೆಯಬೇಕು ಅನ್ನಿಸಿದವರು ಹತ್ತು ಸಾಲು ಬರೆಯುತ್ತಾರೆ.

ಇಲ್ಲಿ ಇನ್ನೊಂದು ಪ್ರಶ್ನೆ ಕೇಳಬಹುದಿತ್ತು: “ಕಾಲರ್ ಉಳಿದಿದೆ, ಅದರಿಂದ ಏನು ಮಾಡಬಹುದು?” ಇದೂ ಒಳ್ಳೆಯದೇ. ಆದರೆ ಇದಕ್ಕೆ ಹೊಲಿಗೆ ಗೊತ್ತಿದ್ದವರು ಮಾತ್ರ ಉತ್ತರಿಸುತ್ತಾರೆ. ನಿಮ್ಮನ್ನು ಫಾಲೋ ಮಾಡುವವರಲ್ಲಿ ಹೊಲಿಯುವವರೇ ಜಾಸ್ತಿ ಇದ್ದರೆ ಕಾಲರ್ ಪ್ರಶ್ನೆ ಕೇಳಿ. ಸುಮ್ನೆ ನೋಡಿ ಖುಷಿಪಡುವವರು ಜಾಸ್ತಿ ಇದ್ದರೆ ಬೀರುವಿನ ಪ್ರಶ್ನೆ. ಎರಡನ್ನೂ ಒಂದೇ ಕ್ಯಾಪ್ಶನ್ನಿಗೆ ತುರುಕಬೇಡಿ. ಎರಡು ಪ್ರಶ್ನೆ ಕಂಡರೆ ಯಾವುದಕ್ಕೆ ಉತ್ತರಿಸಲಿ ಅಂತ ಯೋಚಿಸುವಷ್ಟರಲ್ಲಿ ಬೆರಳು ಮುಂದಕ್ಕೆ ಸರಿದಿರುತ್ತದೆ.

ಹೌದು, ಇಲ್ಲ ಅಂತ ಮುಗಿಯುವ ಪ್ರಶ್ನೆಯನ್ನೂ ಆದಷ್ಟು ಬಿಡಿ. ‘ಚೀಲ ಚೆನ್ನಾಗಿದೆಯಾ?’ ಅಂದರೆ ‘ಸೂಪರ್’ ಅಂತ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ‘ಇದಾ, ಅದಾ?’ ಅಂತ ಎರಡರಲ್ಲಿ ಒಂದನ್ನು ಆರಿಸಲು ಹೇಳುವುದು ಅದಕ್ಕಿಂತ ವಾಸಿ. ಆದರೆ ಆ ಆಯ್ಕೆ ನಿಜವಾಗಿ ನಿಮಗೆ ಬೇಕಾಗಿರಬೇಕು. ಚೀಲಕ್ಕೆ ಉದ್ದ ಹಿಡಿಕೆಯೋ ಗಿಡ್ಡ ಹಿಡಿಕೆಯೋ ಅಂತ ಕೇಳಿ, ಜನ ಹೇಳಿದಂತೆ ಹೊಲಿದು, ಮುಂದಿನ ಪೋಸ್ಟ್‌ನಲ್ಲಿ ತೋರಿಸಿ. ತಮ್ಮ ಮಾತು ನಡೆಯಿತು ಅಂತ ಕಂಡವರು ಮತ್ತೆ ಬಂದು ಹೇಳುತ್ತಾರೆ.

ಇನ್ನು ಮೊದಲ ಸಾಲಿನ ವಿಷಯ. ಇನ್‌ಸ್ಟಾಗ್ರಾಮ್ ಕ್ಯಾಪ್ಶನ್ನಿಗೆ 2,200 ಅಕ್ಷರಗಳವರೆಗೆ ಜಾಗ ಕೊಡುತ್ತದೆ. ಆದರೆ ಫೀಡ್‌ನಲ್ಲಿ ಕಾಣುವುದು ಮೊದಲ ಒಂದೆರಡು ಸಾಲು ಮಾತ್ರ. ಉಳಿದದ್ದನ್ನು ಓದಲು ಒತ್ತಿ ಬಿಡಿಸಬೇಕು. ಕನ್ನಡದಲ್ಲಿ ಬರೆಯುವವರಿಗೆ ಆ 2,200 ಅಕ್ಷರಗಳ ಜಾಗವೂ ಬೇಗ ಮುಗಿಯಬಹುದು. ಯಾಕೆಂದರೆ ಫೋನು, ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸಲು ಬಳಸುವ ಯೂನಿಕೋಡ್‌ನಲ್ಲಿ ನಮ್ಮ ಗುಣಿತದ ಚಿಹ್ನೆ, ಒತ್ತಕ್ಷರ ಎಲ್ಲ ಬೇರೆಬೇರೆ ಸಂಕೇತಗಳು. ಕಣ್ಣಿಗೆ ಒಂದೇ ಆಗಿ ಕಾಣುವ ‘ಕ್ಷಿ’ಯಲ್ಲಿ ನಾಲ್ಕು ಸಂಕೇತಗಳಿವೆ. ಹಣ ಕೊಡದ ಖಾತೆಗಳಿಗೆ 280 ಅಕ್ಷರಗಳ ಮಿತಿ ಇರುವ, ಹಿಂದೆ ಟ್ವಿಟರ್ ಆಗಿದ್ದ ಎಕ್ಸ್‌ನಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಫೀಡ್‌ನಲ್ಲಿ ಕಾಣುವುದೇ ಒಂದೆರಡು ಸಾಲು, ಹಾಗಾಗಿ ‘ಎಲ್ಲರಿಗೂ ನಮಸ್ಕಾರ, ಇವತ್ತು ನಾನು ನಿಮ್ಮ ಮುಂದೆ’ ಅಂತ ಶುರು ಮಾಡಿದರೆ, ಕಾಣುವ ಜಾಗವೆಲ್ಲ ನಮಸ್ಕಾರಕ್ಕೇ ಹೋಗುತ್ತದೆ. ಜೇಬಿನ ಮಾತೇ ಮೊದಲು ಬರಲಿ. ಕ್ಯಾಪ್ಶನ್ ಉದ್ದವಾಗಿದ್ದರೆ ಪ್ರಶ್ನೆಯನ್ನೇ ಮೇಲಕ್ಕೆ ತಂದರೂ ಆಯಿತು.

ಹ್ಯಾಷ್‌ಟ್ಯಾಗ್ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಪೋಸ್ಟ್ ಯಾವುದರ ಬಗ್ಗೆ ಅಂತ ಹೇಳುವ ಮೂರ್ನಾಲ್ಕು ಸಾಕು, ಅದೂ ಕೊನೆಯಲ್ಲಿ. ಅವು ಪೋಸ್ಟ್ ಹುಡುಕಲು ನೆರವಾಗುತ್ತವೆ, ಮಾತಾಡಿಸುವುದಿಲ್ಲ. ಅಲಂಕಾರದ ಇಂಗ್ಲಿಷ್ ಅಕ್ಷರಗಳನ್ನು ತಂದು ಅಂಟಿಸುವ ಅಭ್ಯಾಸ ಇದ್ದರೆ ಮಾತ್ರ ದಯವಿಟ್ಟು ಬಿಡಿ. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಅವನ್ನು ಸರಿಯಾಗಿ ಓದುವುದಿಲ್ಲ. ಅವರೂ ನಿಮ್ಮ ಓದುಗರೇ ಅಲ್ವಾ?

ಕಾಮೆಂಟ್ ಬೇಕು ಅಂತ ಅಡ್ಡದಾರಿ ಹಿಡಿಯುವವರೂ ಇದ್ದಾರೆ. ‘ಒಪ್ಪಿದರೆ ಯೆಸ್ ಅಂತ ಬರೆಯಿರಿ’, ‘ಐದು ಗೆಳೆಯರನ್ನು ಟ್ಯಾಗ್ ಮಾಡಿ’, ‘ಶೇರ್ ಮಾಡದಿದ್ದರೆ ನಿಮಗೆ ಮನಸ್ಸೇ ಇಲ್ಲ’. ಇಂಥ ಪೋಸ್ಟ್‌ಗಳನ್ನು ಫೀಡ್‌ನಲ್ಲಿ ಕೆಳಗೆ ತಳ್ಳುತ್ತೇವೆ ಅಂತ ಫೇಸ್‌ಬುಕ್ 2017ರ ಡಿಸೆಂಬರ್‌ನಲ್ಲೇ ಹೇಳಿತ್ತು. ನೆರವು ಕೇಳುವ ಅಥವಾ ಸಲಹೆ ಕೇಳುವ ಪೋಸ್ಟ್‌ಗಳಿಗೆ ಇದು ತಟ್ಟುವುದಿಲ್ಲ ಅಂತಲೂ ಹೇಳಿತ್ತು. ಕಂಪನಿಯ ನಿಯಮ ಹಾಗಿರಲಿ. ಉತ್ತರದಲ್ಲಿ ನಿಮಗೇ ಆಸಕ್ತಿ ಇಲ್ಲದ ಪ್ರಶ್ನೆಯನ್ನು ಯಾಕೆ ಕೇಳಬೇಕು? ಜನಕ್ಕೆ ಅದು ಗೊತ್ತಾಗಿಯೇ ಗೊತ್ತಾಗುತ್ತದೆ. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಅದಕ್ಕೇ ಕ್ಯಾಪ್ಶನ್ ಬರೆದರೆ ಕೆಲಸ ಅರ್ಧ ಮಾತ್ರ ಮುಗಿದಂತೆ. ಯಾರೋ ಒಬ್ಬರು ‘ನನ್ನ ತಂಗಿಯ ಶಾಲೆ ಸ್ವೆಟರ್’ ಅಂತ ಬರೆದರು ಅಂತಿಟ್ಟುಕೊಳ್ಳಿ. ನೀವು ಒಂದು ಹಾರ್ಟ್ ಹಾಕಿದಿರಿ. ಅಥವಾ ‘ಧನ್ಯವಾದಗಳು’ ಅಂದಿರಿ. ಅಲ್ಲಿಗೆ ಮಾತು ಮುಗಿಯಿತು. ಅದರ ಬದಲು ‘ಯಾವ ಬಣ್ಣ? ಈಗಲೂ ಇಟ್ಟಿದ್ದೀರಾ?’ ಅಂತ ಕೇಳಿ. ಅವರು ಖಂಡಿತ ಇನ್ನೊಂದು ಸಾಲು ಬರೆಯುತ್ತಾರೆ. ಅದನ್ನು ಓದಿದ ಮೂರನೆಯವರಿಗೂ ಧೈರ್ಯ ಬರುತ್ತದೆ, ಇಲ್ಲಿ ಬರೆದರೆ ಯಾರೋ ಓದುತ್ತಾರೆ ಅಂತ. ಖಾಲಿ ಕಾಮೆಂಟ್ ಜಾಗದಲ್ಲಿ ಮೊದಲು ಬಾಯಿ ಬಿಡಲು ಎಲ್ಲರಿಗೂ ಸಂಕೋಚ. ಹಾಗಾಗಿ ನಿಮ್ಮ ಪ್ರಶ್ನೆಗೆ ನೀವೇ ಮೊದಲು ಉತ್ತರಿಸಿ: ‘ನನ್ನದು ಅಜ್ಜನ ಮಫ್ಲರ್’. ಪೋಸ್ಟ್ ಹಾಕಿ ಫೋನ್ ಮುಚ್ಚಿಡಬೇಡಿ. ಬಂದವರ ಜೊತೆ ಮಾತಾಡಲು ಬಿಡುವಿರುವ ಹೊತ್ತಿನಲ್ಲೇ ಹಾಕಿ.

ಕೊನೆಗೆ, ನೀವು ಕೇಳದ ಒಂದು ಮಾತು. ಪ್ರತಿ ಪೋಸ್ಟ್‌ಗೂ ಪ್ರಶ್ನೆ ಬೇಡ. ಜನರನ್ನು ತಲುಪಲು ಬೇರೆ ದಾರಿಗಳೂ ಇವೆ. ಇನ್‌ಸ್ಟಾಗ್ರಾಮ್ ಮುಖ್ಯಸ್ಥ ಆಡಮ್ ಮೊಸೆರಿ 2025ರ ಆರಂಭದಲ್ಲಿ, ಪೋಸ್ಟ್ ಎಷ್ಟು ಜನರನ್ನು ತಲುಪುತ್ತದೆ ಅನ್ನುವುದಕ್ಕೆ ಮುಖ್ಯವಾದ ಮೂರು ಅಂಶಗಳನ್ನು ಹೆಸರಿಸಿದ್ದರು: ಎಷ್ಟು ಹೊತ್ತು ನೋಡಿದರು, ಎಷ್ಟು ಜನ ಲೈಕ್ ಮಾಡಿದರು, ಎಷ್ಟು ಜನ ಇನ್ನೊಬ್ಬರಿಗೆ ಕಳಿಸಿದರು. ಹೊಸಬರನ್ನು ತಲುಪಲು ಈ ಕಳಿಸುವುದೇ ಹೆಚ್ಚು ಮುಖ್ಯ ಅಂತಲೂ ಹೇಳಿದ್ದರು. ಜೇಬು ಹರಿಯದಂತೆ ಅಂಚು ಹೊಲಿಯುವುದು ಹೇಗೆ ಅಂತ ಹಂತಹಂತವಾಗಿ ತೋರಿಸಿದ ಪೋಸ್ಟ್ ಇದೆ ಅಂದುಕೊಳ್ಳಿ. ಅದಕ್ಕೆ ಕಾಮೆಂಟ್ ಬರದೇ ಇರಬಹುದು. ಜನ ಸೇವ್ ಮಾಡಿಟ್ಟುಕೊಳ್ಳುತ್ತಾರೆ, ಹೊಲಿಗೆ ಕಲಿಯುತ್ತಿರುವ ಗೆಳತಿಗೆ ಕಳಿಸುತ್ತಾರೆ. ಅಂಥ ಕಡೆ ಯಾವ ದಾರ, ಎಷ್ಟು ಅಂಚು ಬಿಡಬೇಕು ಅಂತ ಸ್ಪಷ್ಟವಾಗಿ ಬರೆದರೆ ಸಾಕು, ಪ್ರಶ್ನೆ ಹಾಕಿ ಎಳೆಯಬೇಡಿ. ಬೀರುವಿನ ಬಟ್ಟೆಯಂಥ ಪ್ರಶ್ನೆಯನ್ನು ನಿಮಗೂ ಉತ್ತರ ಕೇಳುವ ಆಸೆ ಇರುವ ದಿನಕ್ಕೆ ಇಟ್ಟುಕೊಳ್ಳಿ.