ಉಳಿದವರು ಹಾಕಿದರೆ ನಾನೂ ಹಾಕುತ್ತೇನೆ

ಕೆರೆ ಒತ್ತುವರಿಯ ಸುದ್ದಿ ಓದಿದರೂ, ರಸ್ತೆಬದಿಯಲ್ಲಿ ಕಸದ ರಾಶಿ ಕಂಡರೂ ನಮ್ಮಲ್ಲಿ ಹೊರಡುವ ಉದ್ಗಾರ ಒಂದೇ: ಇದು ಕಲಿಗಾಲ, ಮನುಷ್ಯನ ಬುದ್ಧಿಯೇ ಇಷ್ಟು. ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಾರಣ ಹುಡುಕುವ ಶ್ರಮವನ್ನು ಕೈಬಿಟ್ಟು ಹೊಣೆಯನ್ನು ಯುಗದ ತಲೆಗೆ ಕಟ್ಟುವ ಮಾತಿದು. ಮನುಷ್ಯ ಸ್ವಾರ್ಥಿಯೋ ಅಲ್ಲವೋ ಎಂಬುದನ್ನು ಪ್ರಯೋಗಕ್ಕೆ ಒಡ್ಡಿ ನೋಡಿದವರಿದ್ದಾರೆ. ಅವರು ಕಂಡದ್ದು ಆಶಾವಾದಿಗಳಿಗೂ ನಿರಾಶಾವಾದಿಗಳಿಗೂ ಪೂರ್ತಿ ರುಚಿಸುವುದಿಲ್ಲ.

ಪ್ರಯೋಗ ಸರಳವಾದದ್ದು. ನಾಲ್ವರಿಗೆ ತಲಾ 20 ನಾಣ್ಯ; ಇಟ್ಟುಕೊಳ್ಳಬಹುದು, ಇಲ್ಲವೇ ಎಲ್ಲರಿಗೂ ಸೇರಿದ ಹುಂಡಿಗೆ ಹಾಕಬಹುದು. ಹುಂಡಿಗೆ ಬಿದ್ದ ಪ್ರತಿ ನಾಣ್ಯಕ್ಕೂ ನಾಲ್ವರಲ್ಲಿ ಪ್ರತಿಯೊಬ್ಬರಿಗೂ 0.4 ನಾಣ್ಯ ಮರಳುತ್ತದೆ. ಎಲ್ಲರೂ ಪೂರ್ತಿ ಹಾಕಿದರೆ ತಲಾ 32 ಸಿಗುತ್ತದೆ. ಒಬ್ಬ ಮಾತ್ರ ಕೈಬಿಗಿ ಹಿಡಿದರೆ ಅವನಿಗೆ 44, ಉಳಿದವರಿಗೆ 24. ಲೆಕ್ಕ ಬಲ್ಲ ಸ್ವಾರ್ಥಿ ಒಂದು ನಾಣ್ಯವನ್ನೂ ಹಾಕಬಾರದು. ಆದರೆ ಜನ ಹಾಕುತ್ತಾರೆ. ಇಂಥ ಆಟಗಳು ಸಾಮಾನ್ಯವಾಗಿ ಅರ್ಧದಷ್ಟು ಕೊಡುಗೆಯಿಂದ ಶುರುವಾಗಿ, ಸುತ್ತಿನಿಂದ ಸುತ್ತಿಗೆ ಇಳಿಯುತ್ತ ಹೋಗುತ್ತವೆ. ಈ ಇಳಿತವನ್ನು ಮನುಷ್ಯನ ನಿಜಬಣ್ಣ ಬಯಲಾಯಿತು ಎಂದು ಓದುವುದು ಸುಲಭ. ಹಾಗೆ ಓದುವುದು ತಪ್ಪು.

2001ರಲ್ಲಿ ಅರ್ಥಶಾಸ್ತ್ರಜ್ಞರಾದ ಉರ್ಸ್ ಫಿಷ್‌ಬಾಕರ್, ಸೈಮನ್ ಗ್ಯಾಖ್ಟರ್ ಮತ್ತು ಅರ್ನ್ಸ್ಟ್ ಫೆರ್ ಪ್ರಕಟಿಸಿದ ಅಧ್ಯಯನದಲ್ಲಿ ಬೇರೊಂದು ಪ್ರಶ್ನೆ ಇತ್ತು: ಉಳಿದವರು ಸರಾಸರಿ ಇಷ್ಟು ಹಾಕಿದರೆ ನೀವೆಷ್ಟು ಹಾಕುತ್ತೀರಿ? ಸುಮಾರು ಮೂರನೇ ಒಂದು ಭಾಗದಷ್ಟು ಜನ ಏನೇ ಆದರೂ ಸೊನ್ನೆ ಎಂದರು. ಸುಮಾರು ಅರ್ಧದಷ್ಟು ಜನರ ಕೊಡುಗೆ ಮಾತ್ರ ಉಳಿದವರದನ್ನು ನೋಡಿಕೊಂಡು ಏರುತ್ತಿತ್ತು, ಆದರೂ ಸರಾಸರಿಗಿಂತ ಒಂದಿಷ್ಟು ಕಡಿಮೆಯೇ ನಿಲ್ಲುತ್ತಿತ್ತು. ಗುಟ್ಟು ಇರುವುದು ಈ 'ಒಂದಿಷ್ಟು ಕಡಿಮೆ'ಯಲ್ಲಿ. ಉಳಿದವರು 10 ಹಾಕುತ್ತಾರೆಂದು ನಂಬಿದವನು 9 ಹಾಕುತ್ತಾನೆ. ಮುಂದಿನ ಸುತ್ತಿನಲ್ಲಿ ಅವನ 9ನ್ನು ಕಂಡವನು 8ಕ್ಕೆ ಇಳಿಯುತ್ತಾನೆ. ಯಾರೂ ದುಷ್ಟರಾಗದೆಯೇ ಹುಂಡಿ ಬರಿದಾಗುತ್ತದೆ. ನಡುವೆ ಕೆಲವರು ಏನೂ ಹಾಕದೆ ಕುಳಿತರೆ ಇಳಿತ ಇನ್ನೂ ಬಿರುಸಾಗುತ್ತದೆ. ಇಲ್ಲಿ ಬದಲಾಗುವುದು ಸ್ವಭಾವವಲ್ಲ, ಇನ್ನೊಬ್ಬರ ಮೇಲಿನ ನಿರೀಕ್ಷೆ. ಹೀಗಿರುವಾಗ ಎಲ್ಲರೂ ಕಳ್ಳರೇ ಎಂದು ದಿನಕ್ಕೆ ಹತ್ತು ಸಲ ಸಾರುವವನು ಬರಿಯ ವರದಿಗಾರನಲ್ಲ. ಹುಂಡಿ ಬರಿದಾಗುವುದರಲ್ಲಿ ಅವನ ಪಾಲೂ ಇದೆ.

1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಜೀವವಿಜ್ಞಾನಿ ಗೋಮಾಳದ ಉದಾಹರಣೆ ಕೊಟ್ಟು, ಎಲ್ಲರಿಗೂ ಸೇರಿದ ಹುಲ್ಲುಗಾವಲು ನಾಶವಾಗದೆ ಇರದು ಎಂದು ವಾದಿಸಿದರು. ಆ ಹುಲ್ಲುಗಾವಲು ಕಲ್ಪನೆಯದು. ರಾಜ್ಯಶಾಸ್ತ್ರಜ್ಞೆ ಎಲಿನಾರ್ ಆಸ್ಟ್ರಮ್ ನಿಜವಾದವುಗಳ ಚರಿತ್ರೆಯನ್ನು ಕಲೆಹಾಕಿದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಹಳ್ಳಿಯಲ್ಲಿ 1517ರ ಒಂದು ಕಟ್ಟಳೆ ಇತ್ತು: ಚಳಿಗಾಲದಲ್ಲಿ ಎಷ್ಟು ಹಸುಗಳಿಗೆ ಮೇವು ಹಾಕಬಲ್ಲೆಯೋ ಅಷ್ಟನ್ನೇ ಬೇಸಿಗೆಯಲ್ಲಿ ಬೆಟ್ಟಕ್ಕೆ ಕಳಿಸಬೇಕು. ಮೀರಿದರೆ ದಂಡ; ದಂಡದ ಅರ್ಧ ವಸೂಲಿ ಮಾಡಿದವನಿಗೆ. ಆ ಹುಲ್ಲುಗಾವಲು ಶತಮಾನಗಳ ಕಾಲ ಬಾಳಿತು. 2009ರಲ್ಲಿ ಆಸ್ಟ್ರಮ್ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು. ಕೋಲಾರ, ತುಮಕೂರು ಕಡೆಯ ಕೆರೆಗಳಲ್ಲಿ ತೂಬು ತೆರೆದು ಗದ್ದೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಿದ್ದ ನೀರುಗಂಟಿ ಮಾಡುತ್ತಿದ್ದುದೂ ಅದೇ ಜಾತಿಯ ಕೆಲಸ. ಅವನ ಕೂಲಿ ರೈತರ ಸುಗ್ಗಿಯ ಕಾಳಿನಲ್ಲಿತ್ತು. ಪಕ್ಕದ ಗದ್ದೆಯವನು ಕದಿಯುತ್ತಿಲ್ಲ ಎಂಬ ಭರವಸೆಯನ್ನು ಅವನು ನೀರಿನ ಜೊತೆಗೇ ಹಂಚುತ್ತಿದ್ದ.

ಪ್ರಯೋಗಾಲಯದಲ್ಲೂ ಹೀಗೆಯೇ ಆಯಿತು. 2002ರಲ್ಲಿ ಫೆರ್ ಮತ್ತು ಗ್ಯಾಖ್ಟರ್ ಪ್ರಕಟಿಸಿದ ಪ್ರಯೋಗದಲ್ಲಿ ಆಟಗಾರರು ತಮ್ಮದೊಂದು ನಾಣ್ಯ ಖರ್ಚು ಮಾಡಿ ಇನ್ನೊಬ್ಬರ ಮೂರನ್ನು ಕಳೆಯಬಹುದಿತ್ತು. ಮತ್ತೆಂದೂ ಎದುರಾಗದವರನ್ನೂ ಜನ ಸ್ವಂತ ಖರ್ಚಿನಲ್ಲಿ ದಂಡಿಸಿದರು. ಇಳಿಯಬೇಕಿದ್ದ ಕೊಡುಗೆ ಏರತೊಡಗಿತು.

ಆದರೆ ದಂಡವನ್ನು ಸರ್ವರೋಗಕ್ಕೆ ಮದ್ದೆಂದು ತಿಳಿಯುವುದೂ ಬೇಡ. ಇದೇ ಆಟವನ್ನು 16 ನಗರಗಳಲ್ಲಿ ಆಡಿಸಿದ ಅಧ್ಯಯನ 2008ರಲ್ಲಿ ಹೊರಬಂತು. ಅಥೆನ್ಸ್, ಮಸ್ಕತ್‌ಗಳಂಥ ಕೆಲವೆಡೆ ಕೈಬಿಗಿ ಹಿಡಿದವರಷ್ಟೇ ಅಲ್ಲ, ಹೆಚ್ಚು ಹಾಕಿದವರೂ ದಂಡಕ್ಕೆ ಗುರಿಯಾದರು. ಕಾನೂನಿನ ಆಡಳಿತ ದುರ್ಬಲವೆನಿಸಿದ ಸಮಾಜಗಳಲ್ಲಿ ಈ ವಿಪರೀತ ಹೆಚ್ಚಾಗಿ ಕಂಡಿತು. ನನ್ನ ಆತಂಕವೂ ಇಲ್ಲಿಯದೇ: ವಾತಾವರಣದ ಇಂಗಾಲವನ್ನು ತಗ್ಗಿಸುವ ಮಾತುಕತೆಯಲ್ಲಿ ಪ್ರತಿ ದೇಶವೂ ಪಕ್ಕದ ದೇಶ ಎಷ್ಟು ಹಾಕುತ್ತದೆಂದು ಕಾಯುತ್ತಿದೆ, ಅಳೆದು ಹೇಳಿದರೆ ಎಲ್ಲರೂ ನಂಬುವಂಥ ನೀರುಗಂಟಿ ಅಲ್ಲಿ ಇನ್ನೂ ನೇಮಕವಾಗಿಲ್ಲ.