ಬೀಮ್ ಸರಿಸಿದವರು ಫಲಕವನ್ನೂ ನೋಡಲಿ

ಗೋದಾಮಿನ ರ‍್ಯಾಕ್ ತಪಾಸಣೆಗೆ ಹೋದಾಗ ನನ್ನ ಮೊದಲ ಕೆಲಸ ಸಾಲಿನ ತುದಿಯಲ್ಲಿರುವ ಭಾರ ಫಲಕವನ್ನು ಓದುವುದು. ರ‍್ಯಾಕ್‌ನಲ್ಲಿ ಸರಕನ್ನು ಹೊರುವ ಅಡ್ಡ ತೊಲೆಗಳೇ ಬೀಮ್‌ಗಳು. ಫಲಕದ ಚಿತ್ರದಲ್ಲಿ ತೋರಿಸಿರುವ ಬೀಮ್‌ಗಳ ಎತ್ತರವನ್ನು ಎದುರಿಗಿರುವ ಬೀಮ್‌ಗಳೊಂದಿಗೆ ಟೇಪ್ ಹಿಡಿದು ಹೋಲಿಸುತ್ತೇನೆ. ಎರಡೂ ತಾಳೆಯಾಗದಿದ್ದರೆ ಅಲ್ಲಿ ಬರೆದಿರುವ ಕಿಲೋಗ್ರಾಂ ಲೆಕ್ಕವನ್ನು ನಂಬುವಂತಿಲ್ಲ. ಎತ್ತರದ ಸರಕು ಬಂದಿತೆಂದು ಯಾರೋ ಕೆಳಗಿನ ಬೀಮನ್ನು ಕಂಬದ ಎರಡು ರಂಧ್ರ ಮೇಲಕ್ಕೆ ಏರಿಸಿರುತ್ತಾರೆ. ಫಲಕ ಮಾತ್ರ ಹಳೆಯದೇ ಇರುತ್ತದೆ.

ಇದೇನು ದೊಡ್ಡ ವಿಷಯವೇ ಎಂದು ಕೇಳುವವರುಂಟು. ಖಂಡಿತ ದೊಡ್ಡದು. ತೆಳ್ಳನೆಯ ಉಕ್ಕಿನ ಕಂಬ ಭಾರಕ್ಕೆ ಜಜ್ಜಿಹೋಗುವುದಕ್ಕಿಂತ ಮೊದಲೇ ಪಕ್ಕಕ್ಕೆ ಬಾಗಿ ಸೋಲುತ್ತದೆ. ಹಾಗೆ ಬಾಗದಂತೆ ಅದನ್ನು ಅಲ್ಲಲ್ಲಿ ಹಿಡಿದಿಡುವುದು ಬೀಮ್‌ಗಳು. ಹಿಡಿತವಿಲ್ಲದ ಉದ್ದ ಇಮ್ಮಡಿಯಾದರೆ ಕಂಬ ತಾಳಬಲ್ಲ ಭಾರ ಕಾಲು ಭಾಗಕ್ಕೆ ಇಳಿಯುತ್ತದೆ ಎಂಬುದು 18ನೇ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಕೊಟ್ಟ ಸೂತ್ರ. ಅದರ ಪ್ರಕಾರ ನೆಲದಿಂದ ಮೊದಲ ಬೀಮ್‌ವರೆಗಿನ 1.5 ಮೀಟರ್ ಅಂತರ 2 ಮೀಟರ್ ಆದರೆ ಉಳಿಯುವುದು ಸುಮಾರು 56 ಶೇಕಡಾ. ಮೈತುಂಬ ರಂಧ್ರಗಳಿರುವ ರ‍್ಯಾಕ್ ಕಂಬದ ನಿಜವಾದ ಲೆಕ್ಕ ಇಷ್ಟು ಸರಳವಲ್ಲ, ಅದನ್ನು ತಯಾರಕರ ಎಂಜಿನಿಯರೇ ಮಾಡಬೇಕು. ಆದರೆ ಅಂತರ ಹೆಚ್ಚಿದಷ್ಟೂ ಸಾಮರ್ಥ್ಯ ಕುಸಿಯುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ: ಕಂಬ ನೆಟ್ಟಗೆ, ಬಣ್ಣ ಹೊಸದಾಗಿ, ಎಲ್ಲವೂ ಅಚ್ಚುಕಟ್ಟು.

ಫಲಕವನ್ನು ಓದುವುದರಲ್ಲೂ ಎಡವುತ್ತಾರೆ. ಒಂದು ಪ್ಯಾಲೆಟ್‌ನ (ಸರಕು ಜೋಡಿಸಿಡುವ ಹಲಗೆಯ) ಮಿತಿ, ಒಂದು ಹಂತದ ಮಿತಿ, ಎರಡು ಕಂಬಜೋಡಿಗಳ ನಡುವಿನ ಇಡೀ ಅಂಕಣದ ಮಿತಿ, ಇವು ಬೇರೆ ಬೇರೆ. ಹಂತಕ್ಕೆ 2,000 ಕಿಲೋ, ಅಂಕಣಕ್ಕೆ 8,000 ಕಿಲೋ ಎಂದಿದ್ದು ಬೀಮ್ ಹಂತಗಳು ಐದಿದ್ದರೆ, ಐದನ್ನೂ ತುಂಬುವ ಹಾಗಿಲ್ಲ. ಹಂತದ ಮಿತಿ ಬೀಮ್‌ನದು, ಅಂಕಣದ ಮಿತಿ ಕಂಬದ್ದು. ಅಲ್ಲದೆ ಹಂತದ ಮಿತಿ ಸಾಮಾನ್ಯವಾಗಿ ಸಮವಾಗಿ ಹರಡಿದ ಭಾರಕ್ಕೆ ಹೇಳಿದ್ದು. ಅಷ್ಟೇ ತೂಕದ ಯಂತ್ರವೊಂದನ್ನು ಬೀಮ್‌ನ ನಟ್ಟನಡುವೆ ಕೂರಿಸಿದರೆ ಆ ಸಂಖ್ಯೆಗೆ ಅರ್ಥವಿಲ್ಲ.

ಇನ್ನು ಪೆಟ್ಟಿನ ವಿಷಯ. ಯುರೋಪಿನ ಇಎನ್ 15635 ಮಾನದಂಡ ಹಾನಿಯನ್ನು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸುತ್ತದೆ. ಒಂದು ಮೀಟರ್ ಉದ್ದದ ನೇರಪಟ್ಟಿಯನ್ನು ಬಾಗಿದ ಜಾಗಕ್ಕೆ ಒತ್ತಿಹಿಡಿದು ನಡುವಿನ ಸಂದನ್ನು ಅಳೆಯಬೇಕು. ಕಂಬಕ್ಕೆ ಬಾಗಿದ ದಿಕ್ಕಿಗನುಗುಣವಾಗಿ 3 ಅಥವಾ 5 ಮಿಲಿಮೀಟರ್, ಕಂಬಗಳನ್ನು ಜೋಡಿಸುವ ಓರೆಪಟ್ಟಿಗೆ 10 ಮಿಲಿಮೀಟರ್ ಮಿತಿ. ಅದರೊಳಗಿದ್ದರೆ ಹಸಿರು, ಗಮನವಿಟ್ಟರೆ ಸಾಕು. ಮಿತಿ ಮೀರಿದರೆ ಹಳದಿ: ಇರುವ ಸರಕು ಇಳಿದ ಮೇಲೆ ರಿಪೇರಿಯಾಗುವವರೆಗೆ ಮತ್ತೆ ತುಂಬಬಾರದು. ಮಿತಿಯ ಎರಡರಷ್ಟಾದರೆ ಕೆಂಪು: ಖಾಲಿ ಮಾಡಲೇಬೇಕು. 3 ಮಿಲಿಮೀಟರ್ ಎಂದರೆ ನಗುವ ಮ್ಯಾನೇಜರುಗಳಿದ್ದಾರೆ. ಅಷ್ಟು ಬಾಗಿದ ಕಂಬಕ್ಕೆ ಮುಂದೆ ಯಾವ ಕಡೆ ಬಾಗಬೇಕೆಂಬುದು ಆಗಲೇ ಗೊತ್ತಾಗಿರುತ್ತದೆ.

ಬಾಗಿದ ಕಂಬವನ್ನು ಕಾಯಿಸಿ, ಬಡಿದು ನೆಟ್ಟಗೆ ಮಾಡಿ ಬಣ್ಣ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ತಣ್ಣಗಿರುವಾಗಲೇ ಮಡಚಿ ರೂಪಿಸಿದ ಉಕ್ಕು ಅದು. ಕಾಯಿಸಿದರೆ ಮಡಚುವಾಗ ಪಡೆದ ಬಲವನ್ನು ಕಳೆದುಕೊಳ್ಳಬಹುದು. ಬಣ್ಣ ಬಳಿದ ಮೇಲಂತೂ ಮುಂದಿನ ತಪಾಸಕರಿಗೆ ಸುಳಿವೂ ಸಿಗುವುದಿಲ್ಲ. ಬೀಮ್‌ನ ಲಾಕ್ ಪಿನ್, ನೆಲದ ಬೋಲ್ಟ್ ಇವೆಯೇ ಎಂದು ನೋಡಲು ಪರಿಣತಿ ಬೇಡ, ಆದರೂ ಕಾಣೆಯಾಗಿರುವುದು ಹೆಚ್ಚಾಗಿ ಇವೇ. ಪಿನ್ ಇಲ್ಲದ ಬೀಮ್‌ಗೆ ಫೋರ್ಕ್‌ಲಿಫ್ಟ್‌ನ ಫೋರ್ಕ್ ಕೆಳಗಿನಿಂದ ತಗುಲಿದರೆ ಅದು ಕಳಚಿಕೊಂಡೇ ಬರುತ್ತದೆ.

ಪರಿಣತರ ತಪಾಸಣೆ ಕನಿಷ್ಠ 12 ತಿಂಗಳಿಗೊಮ್ಮೆ, ಗೋದಾಮಿನವರದೇ ಕಣ್ಣೋಟದ ಪರಿಶೀಲನೆ ವಾರಕ್ಕೊಮ್ಮೆ ಎಂಬುದು ರೂಢಿಯಲ್ಲಿರುವ ಕ್ರಮ. ನನ್ನ ಮಟ್ಟಿಗೆ ಇವೆರಡಕ್ಕಿಂತ ಬೆಲೆಯುಳ್ಳದ್ದು ಚಾಲಕ ಆ ಕ್ಷಣದಲ್ಲೇ ಬಂದು ಹೇಳುವ ಮಾತು. ಕಂಬಕ್ಕೆ ಗುದ್ದಿದ್ದು ಅವನಿಗೆ ಮಾತ್ರ ಗೊತ್ತು. ಗುದ್ದಿದವನಿಂದ ದಂಡ ಕಟ್ಟಿಸುವ ಗೋದಾಮಿನ ವರದಿ ಪುಸ್ತಕ ಸದಾ ಖಾಲಿ, ಕಂಬಗಳು ಮಾತ್ರ ನೆಗ್ಗಿರುತ್ತವೆ.

ಕೆಂಪು ಹಾನಿ ಕಂಡಾಗ ಎಷ್ಟು ಖಾಲಿ ಮಾಡಬೇಕು ಎಂಬ ಗೊಂದಲವೂ ಇದೆ. ನಡುವಿನ ಕಂಬ ಎಡಬಲದ ಎರಡೂ ಅಂಕಣಗಳ ಭಾರವನ್ನು ಹೊತ್ತಿರುತ್ತದೆ. ಹಾಗಾಗಿ ಎರಡನ್ನೂ ಮೇಲಿನ ಹಂತದಿಂದ ಕೆಳಕ್ಕೆ ಖಾಲಿ ಮಾಡಿ, ಯಾರೂ ಮತ್ತೆ ತುಂಬದಂತೆ ತಡೆ ಕಟ್ಟಬೇಕು.