ಗಂಡಸರು ವಾಪಸ್ ಬರೋ ತನಕ: ಐವಿ ಬೆನ್ಸನ್ ಬ್ಯಾಂಡಿನ ಕಥೆ

ಇಂಗ್ಲೆಂಡಿನಲ್ಲಿ ಹೆಂಗಸರದ್ದೇ ಬಿಗ್ ಬ್ಯಾಂಡ್ ಕಟ್ಟಿ ನಡೆಸಿದ ಐವಿ ಬೆನ್ಸನ್ ಬಗ್ಗೆ ಎರಡು ಥರದ ಮಾತು ಓಡಾಡುತ್ತವೆ. ಎರಡನೇ ಮಹಾಯುದ್ಧ ಬಂತು, ಗಂಡಸರು ಸೈನ್ಯಕ್ಕೆ ಹೋದರು, ಖಾಲಿ ಬಿದ್ದ ಕುರ್ಚಿಗಳಲ್ಲಿ ಈಕೆಯ ಹುಡುಗಿಯರು ಕೂತರು ಅನ್ನುವುದು ಒಂದು. ಯುದ್ಧ ಇರಲಿ ಬಿಡಲಿ ಆಕೆ ಮೇಲೆ ಬರುತ್ತಿದ್ದರು ಅನ್ನುವುದು ಇನ್ನೊಂದು. ಎರಡರಲ್ಲೂ ನಿಜ ಇದೆ. ಆದರೆ ಆ ಬ್ಯಾಂಡ್ ಒಂದು ಪಾಠಶಾಲೆಯೂ ಆಗಿತ್ತು ಅನ್ನೋದನ್ನು ಎರಡೂ ಕಡೆಯವರು ಮರೆಯುತ್ತಾರೆ.

ಬಿಗ್ ಬ್ಯಾಂಡ್ ಅಂದರೆ ನಮ್ಮ ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್ ಅಲ್ಲ. ಸ್ಯಾಕ್ಸೋಫೋನ್, ಟ್ರಂಪೆಟ್, ಟ್ರಾಂಬೋನ್‌ಗಳ ಸಾಲು. ಜೊತೆಗೆ ಡ್ರಮ್ಸ್, ಪಿಯಾನೊ, ಡಬಲ್ ಬಾಸ್. ಎದುರಿಗೆ ಕುಣಿಯುವ ಜೋಡಿಗಳು. 1930-40ರ ದಶಕಗಳಲ್ಲಿ ಅಲ್ಲಿನ ಜನ ಮುಗಿಬಿದ್ದು ಕೇಳುತ್ತಿದ್ದದ್ದು ಇದನ್ನೇ.

ಐವಿ ಹುಟ್ಟಿದ್ದು 1913ರಲ್ಲಿ, ಲೀಡ್ಸ್‌ನ ಹೋಲ್ಬೆಕ್‌ನಲ್ಲಿ. ಅಪ್ಪ ವಾದ್ಯಗಾರರು. ಎಂಟನೇ ವಯಸ್ಸಿಗೇ ಮಗಳು ಕಾರ್ಮಿಕರ ಕ್ಲಬ್ಬುಗಳಲ್ಲಿ 'ಬೇಬಿ ಬೆನ್ಸನ್' ಅನ್ನುವ ಹೆಸರಲ್ಲಿ ನುಡಿಸುತ್ತಿದ್ದಳು. ಹದಿನಾಲ್ಕಕ್ಕೆ ಸ್ಕೂಲು ಬಿಟ್ಟು ಬಟ್ಟೆ ಹೊಲಿಯುವ ಫ್ಯಾಕ್ಟರಿ ಸೇರಿದರು. ಸಂಬಳದಲ್ಲಿ ಚೂರುಪಾರು ಉಳಿಸಿ ಸ್ಯಾಕ್ಸೋಫೋನ್ ಕೊಂಡರು. 1929ರಿಂದ ಕೆಲವು ವರ್ಷ ಎಡ್ನಾ ಕ್ರೌಡ್‌ಸನ್ ಅವರ ಹುಡುಗಿಯರ ತಂಡದಲ್ಲಿ, ಆಮೇಲೆ ಲಂಡನ್‌ನಲ್ಲಿ, 1939ರ ಹೊತ್ತಿಗೆ ಸ್ವಂತ ಬ್ಯಾಂಡ್. ಅಂದರೆ ಯುದ್ಧ ಶುರುವಾದಾಗ ಅವರೇನೂ ಹೊಸಬರಲ್ಲ. ಹತ್ತು ವರ್ಷ ಕಸುಬು ಮಾಡಿದ್ದವರು.

ಗಲಾಟೆ ಎದ್ದದ್ದು 1943ರಲ್ಲಿ. ಬಿಬಿಸಿ ಐವಿಯವರ ತಂಡವನ್ನು ತನ್ನ ಖಾಯಂ ಡ್ಯಾನ್ಸ್ ಬ್ಯಾಂಡ್ ಮಾಡಿಕೊಂಡಿತು. ಆ ಕಾಲಕ್ಕೆ ಅದಕ್ಕಿಂತ ದೊಡ್ಡ ಕೆಲಸ ಇರಲಿಲ್ಲ. ಗಂಡಸರ ಬ್ಯಾಂಡುಗಳಿಂದ ದೂರು ಹೋಯಿತು. ಸಂಗೀತದ ಪತ್ರಿಕೆಗಳಲ್ಲೂ ಕೊಂಕು. ಊರಿಗೆ ಊರೇ ಹೆಂಗಸರನ್ನು ಕಾರ್ಖಾನೆಗೆ ಕರೆಯುತ್ತಿದ್ದ ಕಾಲ ಅದು. ಹೆಂಗಸರು ಬಾಂಬು ತಯಾರಿಸಬಹುದು, ಟ್ರಂಪೆಟ್ ಊದಬಾರದು ಅಂದರೆ ಹೇಗೆ? ಇರಲಿ. ಮರುವರ್ಷ ಅವರು ಲಂಡನ್‌ನ ಪಲಾಡಿಯಂ ರಂಗಮಂದಿರದಲ್ಲಿ ತಿಂಗಳುಗಟ್ಟಲೆ ನುಡಿಸಿದರು. 1945ರಲ್ಲಿ ಸೈನಿಕರಿಗಾಗಿ ಬರ್ಲಿನ್‌ಗೂ ಹೋಗಿ ಬಂದರು.

ಆದರೆ ನುಡಿಸುವವರು ಎಲ್ಲಿಂದ ಬರಬೇಕು? ಪಿಯಾನೊ, ಪಿಟೀಲು ಕಲಿತ ಹುಡುಗಿಯರು ಬೇಕಾದಷ್ಟಿದ್ದರು, ಊದುವ ವಾದ್ಯ ಕಲಿತವರು ಕಡಿಮೆ. ಕೆನ್ನೆ ಉಬ್ಬಿಸಿ ಊದೋದು ಹೆಣ್ಣುಮಕ್ಕಳಿಗೆ ಚೆಂದ ಅಲ್ಲ ಅನ್ನುವ ಮಾತು ಅಲ್ಲೂ ಇತ್ತು. ಹಾಗಾಗಿ ಐವಿ ಉತ್ತರ ಇಂಗ್ಲೆಂಡಿನ ಕಡೆ ಕಣ್ಣು ಹಾಕಿದರು. ಅಲ್ಲಿ ಕಲ್ಲಿದ್ದಲ ಗಣಿಗೊಂದು, ಮಿಲ್ಲಿಗೊಂದು ಹಿತ್ತಾಳೆ ವಾದ್ಯಗಳ ಬ್ಯಾಂಡ್. ಅಪ್ಪನಿಂದ ಮಗಳು ಕಲಿತ ಮನೆಗಳೂ ಇದ್ದವು. ಐವಿಯ ಬ್ಯಾಂಡಿನ ಟ್ರಂಪೆಟ್ ವಾದಕಿ ಗ್ರೇಸಿ ಕೋಲ್ ಬಂದದ್ದು ಅಂಥ ಮನೆಯಿಂದಲೇ.

ಈ ಹುಡುಗಿಯರಿಗೆ ಉಸಿರಿತ್ತು, ಬೆರಳು ಓಡುತ್ತಿತ್ತು. ತೊಡಕು ಬೇರೆ ಕಡೆ ಇತ್ತು. ಹಿತ್ತಾಳೆ ಬ್ಯಾಂಡಿನಲ್ಲಿ ಟ್ರಾಂಬೋನ್ ನುಡಿಸಬೇಕಾದ ಸ್ವರಗಳನ್ನೂ ಸಾಮಾನ್ಯವಾಗಿ ಟ್ರೆಬಲ್ ಕ್ಲೆಫ್‌ನಲ್ಲೇ ಬರೆಯುತ್ತಾರೆ. ಕ್ಲೆಫ್ ಅಂದರೆ ಐದು ಗೆರೆಗಳ ಸ್ವರಲಿಪಿಯ ಶುರುವಿನಲ್ಲಿ ಹಾಕುವ, ಯಾವ ಗೆರೆಗೆ ಯಾವ ಸ್ವರ ಅಂತ ಹೇಳುವ ಗುರುತು. ಡ್ಯಾನ್ಸ್ ಬ್ಯಾಂಡಿನಲ್ಲಿ ಬಾಸ್ ಕ್ಲೆಫ್. ಅದೇ ಐದು ಗೆರೆ, ಆದರೆ ಗೆರೆ ಮೇಲಿನ ಚುಕ್ಕೆಗೆ ಈಗ ಬೇರೆ ಸ್ವರ. ಓದಲು ಬರುವವಳೂ ಮತ್ತೆ ಒಂದನೇ ಕ್ಲಾಸಿಗೆ ಬಂದು ಕೂತ ಹಾಗೆ. ಇನ್ನು ಸ್ವಿಂಗ್, ಅಂದರೆ ಡ್ಯಾನ್ಸ್ ಬ್ಯಾಂಡಿನ ತೂಗುವ ಲಯ. ಕಾಗದದಲ್ಲಿ ಎರಡು ಸ್ವರ ಸಮ ಇರುತ್ತವೆ, ನುಡಿಸುವಾಗ ಮೊದಲನೆಯದನ್ನು ಎಳೆಯಬೇಕು, ಎರಡನೆಯದನ್ನು ಗಕ್ಕನೆ ಬಿಡಬೇಕು. ಇದನ್ನು ಬರೆದು ಕಲಿಸೋಕಾಗಲ್ಲ. ಪಕ್ಕದಲ್ಲಿ ನಿಂತು ನುಡಿಸಿ ತೋರಿಸಬೇಕು. ತನ್ನ ಬ್ಯಾಂಡಿಗೆ ಬೇಕಾದವರನ್ನು ಐವಿ ಹೀಗೆ ತಾವೇ ತಯಾರು ಮಾಡಿಕೊಳ್ಳಬೇಕಾಯಿತು.

ಕಲಿತವರು ನಿಲ್ಲುತ್ತಿದ್ದರಾ? ಇಲ್ಲ. ಮದುವೆಯಾಗಿ ಹೋಗುತ್ತಿದ್ದರು, ಅದರಲ್ಲೂ ಅಮೆರಿಕದ ಸೈನಿಕರ ಜೊತೆ. ಒಬ್ಬಳು ವೇದಿಕೆಯಿಂದ ಇಳಿದಾಗ ಟಾಯ್ಲೆಟ್ಟಿಗೆ ಹೋದಳು ಅಂದುಕೊಂಡರಂತೆ ಐವಿ. ಹೋಗಿದ್ದು ಸೈನಿಕನ ಜೊತೆ. ಇದನ್ನು ಅವರೇ ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದರು. ಆದರೆ ಪ್ರತಿ ಸಲವೂ ಹೊಸ ಹುಡುಗಿಯನ್ನು ಹುಡುಕಿ, ಮೊದಲಿಂದ ಕಲಿಸೋದು ತಮಾಷೆ ಅಲ್ವಲ್ಲ. 'ಹುಡುಗಿಯರ ಬ್ಯಾಂಡ್, ಗುಣಮಟ್ಟ ಏರುಪೇರು' ಅಂತ ಮೂಗು ಮುರಿಯುವವರು ಈ ಲೆಕ್ಕ ಹಾಕುವುದಿಲ್ಲ.

ಯುದ್ಧ ಮುಗಿಯಿತು, ಗಂಡಸರು ವಾಪಸ್ ಬಂದರು. ಬ್ಯಾಂಡ್ ಮುಚ್ಚಲಿಲ್ಲ. 1948ರ ಲಂಡನ್ ಒಲಿಂಪಿಕ್ಸ್ ಸಮಯದಲ್ಲೂ ನುಡಿಸಿತು. ರಾಕ್ ಅಂಡ್ ರೋಲ್ ಬಂದ ಮೇಲೆ ದೊಡ್ಡ ಬ್ಯಾಂಡುಗಳಿಗೆಲ್ಲ ಪೆಟ್ಟು ಬಿತ್ತು. ಇವರದ್ದೂ ಚಿಕ್ಕದಾಯಿತು, ಸೈನಿಕ ನೆಲೆಗಳು, ಬೇಸಿಗೆಯ ಕಡಲತೀರಗಳು ಅಂತ ಓಡಾಡುತ್ತಾ 1980ರ ದಶಕದವರೆಗೂ ಉಳಿಯಿತು. ಗ್ರೇಸಿ 1952ರಲ್ಲಿ ತಮ್ಮದೇ ಹೆಂಗಸರ ಬ್ಯಾಂಡ್ ಕಟ್ಟಿದ್ದರು. ಐವಿಯವರ ಬ್ಯಾಂಡಿನಲ್ಲಿ ಟ್ರಾಂಬೋನ್ ಊದಿದ್ದ ಶೀಲಾ ಟ್ರೇಸಿ ಮುಂದೆ ಬಿಬಿಸಿ ರೇಡಿಯೊದಲ್ಲಿ ಹೆಸರು ಮಾಡಿದರು.

ಐವಿ ಕೊನೆಗೆ ಕ್ಲ್ಯಾಕ್ಟನ್ ಅನ್ನುವ ಕಡಲೂರಿನಲ್ಲಿ ನೆಲೆಸಿದರು. 1993ರಲ್ಲಿ ತೀರಿಕೊಂಡರು. ಅಲ್ಲಿಗೆ ರಜೆ ಕಳೆಯಲು ಬಂದವರಿಗೆ ಎಲೆಕ್ಟ್ರಿಕ್ ಆರ್ಗನ್ ನುಡಿಸುತ್ತಿದ್ದರು, ಒಬ್ಬರೇ.